‘ಗಾಯ ಚೆನ್ನಾಗಿ ಮಾದಿದೆ’ ಅಂತಾರೆ, ನನಗೇಕೆ ಸಮಾಧಾನವಿಲ್ಲ?

ಪ್ರಶ್ನೆ: ನನಗೆ 46 ವರ್ಷ. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತಿತ್ತು, ಅಷ್ಟೇ. ನೋವು ಅಂತ ಏನೂ ಇರಲಿಲ್ಲ. ತಪಾಸಣೆಗೆ ಹೋದಾಗ ಒಸಡಿನ ರೋಗ ಮೂಳೆಯವರೆಗೂ ಇಳಿದಿದೆ ಅಂದರು. ಬೇರಿನವರೆಗೆ ಕ್ಲೀನಿಂಗ್ ಮಾಡಿ, ಮೂರು ತಿಂಗಳು ಬಿಟ್ಟು ಮತ್ತೆ ಅಳೆದರು. ಕೆಲವು ಕಡೆ ಪಾಕೆಟ್ (ಹಲ್ಲಿಗೂ ಒಸಡಿಗೂ ನಡುವಿನ ಸಂದು) ಇನ್ನೂ ಆಳವಾಗಿಯೇ ಇದೆ ಅಂತ ಮೇಲ್ದವಡೆಯ ಮುಂಭಾಗಕ್ಕೂ ಬಲಭಾಗಕ್ಕೂ ಫ್ಲ್ಯಾಪ್ ಸರ್ಜರಿ ಮಾಡಿದರು. ಈಗ ಐದು ವಾರ. ಡಾಕ್ಟರು ‘ಗಾಯ ತುಂಬ ಚೆನ್ನಾಗಿ ಮಾದಿದೆ’ ಅನ್ನುತ್ತಾರೆ. ಆದರೆ ತಣ್ಣೀರು ಬಾಯಿಗೆ ಹಾಕಿದರೆ ಜೀವ ಝಲ್ಲೆನ್ನುತ್ತದೆ. ಮುಂದಿನ ಹಲ್ಲುಗಳು ಉದ್ದವಾಗಿ ಕಾಣುತ್ತವೆ, ನಡುವೆ ಕಪ್ಪು ಸಂದು ಬಿಟ್ಟಿದೆ, ತಿಂದದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ಹಲ್ಲು ಮೊದಲಿಗಿಂತ ಹೆಚ್ಚು ಅಲ್ಲಾಡುತ್ತಿದೆ ಅನ್ನಿಸುತ್ತದೆ. ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಎಡಭಾಗದ ಸರ್ಜರಿ ಮುಂದಿನ ತಿಂಗಳು. ನೋವಿಲ್ಲದ ಬಾಯಿಗೆ ನಾನೇ ದುಡ್ಡು ಕೊಟ್ಟು ನೋವು ತಂದುಕೊಂಡೆನೇ? ಎಡಭಾಗಕ್ಕೂ ಮಾಡಿಸಿಕೊಳ್ಳಲೇ?

ಉತ್ತರ: ನೀವು ಹೇಳುತ್ತಿರುವುದೂ ನಿಜ, ನಿಮ್ಮ ಡಾಕ್ಟರು ಹೇಳುತ್ತಿರುವುದೂ ನಿಜ. ಇಬ್ಬರೂ ಒಂದೇ ಬಾಯಿಯನ್ನು ಬೇರೆ ಬೇರೆ ಅಳತೆಗೋಲಿನಿಂದ ನೋಡುತ್ತಿದ್ದೀರಿ.

ನಮ್ಮ, ಅಂದರೆ ದಂತವೈದ್ಯರ ಅಳತೆಗೋಲು ಮಿಲಿಮೀಟರ್ ಗುರುತಿರುವ ಒಂದು ತೆಳ್ಳನೆಯ ಕಡ್ಡಿ. ಅದನ್ನು ಹಲ್ಲಿಗೂ ಒಸಡಿಗೂ ನಡುವಿನ ಸಂದಿಯಲ್ಲಿ ಇಳಿಸಿ ನೋಡುತ್ತೇವೆ. 1ರಿಂದ 3 ಮಿ.ಮೀ. ಇಳಿದರೆ ಆರೋಗ್ಯ. 6, 7 ಇಳಿದರೆ ಅಷ್ಟು ಆಳಕ್ಕೆ ಬ್ರಷ್ಷೂ ಹೋಗುವುದಿಲ್ಲ, ನಮ್ಮ ಉಪಕರಣವೂ ಕಣ್ಣಿಗೆ ಕಾಣದೆ ಕುರುಡಾಗಿ ಕೆಲಸ ಮಾಡಬೇಕು. ಅದಕ್ಕೇ ಒಸಡನ್ನು ಬಿಡಿಸಿ, ಬೇರನ್ನು ಕಣ್ಣಾರೆ ಕಂಡು ಶುಚಿಮಾಡಿ, ಮತ್ತೆ ಹೊಲಿಯುವುದು. ಫ್ಲ್ಯಾಪ್ ಸರ್ಜರಿ ಅಂದರೆ ಇಷ್ಟೇ. ಆಮೇಲೆ ಪಾಕೆಟ್ಟಿನ ಆಳ ಕಡಿಮೆಯಾಗುವುದು ಎರಡು ದಾರಿಯಲ್ಲಿ. ಸಡಿಲಾಗಿದ್ದ ಒಸಡು ಬೇರಿಗೆ ಬಿಗಿಯಾಗಿ ಅಂಟಿಕೊಳ್ಳುವುದು ಒಂದು; ಊದಿಕೊಂಡಿದ್ದ ಒಸಡು ಇಳಿದು ಬೇರಿನ ಕಡೆಗೆ ಹಿಂದೆ ಸರಿಯುವುದು ಇನ್ನೊಂದು. ಈ ಎರಡನೆಯದನ್ನು ಗಮನಿಸಿ. ನಮ್ಮ ಲೆಕ್ಕದಲ್ಲಿ ‘ಆಳ ಕಡಿಮೆಯಾಯಿತು’ ಎಂದು ಬರೆದುಕೊಳ್ಳುವ ಸಂಗತಿಯನ್ನೇ ನೀವು ಕನ್ನಡಿಯಲ್ಲಿ ‘ಹಲ್ಲು ಉದ್ದವಾಯಿತು’ ಎಂದು ಓದುತ್ತಿದ್ದೀರಿ. ಇದನ್ನು ಸರ್ಜರಿಗೆ ಮೊದಲೇ ಕನ್ನಡಿ ಕೈಗೆ ಕೊಟ್ಟು ತೋರಿಸಿ ಹೇಳಬೇಕು. ಹೇಳುವವರು ಕಡಿಮೆ. ನಾನೂ ಮೊದಮೊದಲು ‘ಒಸಡು ಸ್ವಲ್ಪ ಸರಿಯಬಹುದು’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದವನೇ.

ರೋಗಿಯ ಅಳತೆಗೋಲು ಯಾವುದು ಅಂತ ವೈದ್ಯಲೋಕ ಕೇಳಿಕೊಂಡಿದ್ದು ತಡವಾಗಿ. 1994ರಲ್ಲಿ ಸ್ಲೇಡ್ ಮತ್ತು ಸ್ಪೆನ್ಸರ್ ಎಂಬ ಇಬ್ಬರು ಸಂಶೋಧಕರು 49 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. 1997ರಲ್ಲಿ ಸ್ಲೇಡ್ ಅದನ್ನೇ 14 ಪ್ರಶ್ನೆಗಳಿಗೆ ಇಳಿಸಿದರು. ಓಎಚ್‌ಐಪಿ-14 (ಓರಲ್ ಹೆಲ್ತ್ ಇಂಪ್ಯಾಕ್ಟ್ ಪ್ರೊಫೈಲ್) ಎಂದು ಕರೆಯುವ ಆ ಪಟ್ಟಿಯೇ ಇವತ್ತಿಗೂ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಮಿಲಿಮೀಟರ್ ಇಲ್ಲ. ಮಾತಾಡಲು ಕಷ್ಟವಾಯಿತೇ, ರುಚಿ ಕೆಟ್ಟಿತೇ, ನೋವಾಯಿತೇ, ತಿನ್ನಲು ಹಿಂಸೆಯಾಯಿತೇ, ಬಾಯಿಯ ಬಗ್ಗೆ ಮುಜುಗರವಾಯಿತೇ, ಜನರ ಮೇಲೆ ರೇಗುವಂತಾಯಿತೇ ಎಂಬಂಥ ಪ್ರಶ್ನೆಗಳು. ಒಂದೊಂದಕ್ಕೆ 0ಯಿಂದ 4 ಅಂಕ, ಒಟ್ಟು 56. ಅಂಕ ಹೆಚ್ಚಿದಷ್ಟೂ ಬದುಕಿಗೆ ತೊಂದರೆ ಹೆಚ್ಚು. ನಿಮ್ಮ ಪತ್ರದಲ್ಲಿರುವ ಮುಜುಗರ ಆ ಚಿಕ್ಕ ಪಟ್ಟಿಯಲ್ಲೇ ಇದೆ; ಝಲ್ಲೆನ್ನುವುದು, ತಿಂದದ್ದು ಸಿಕ್ಕಿಕೊಳ್ಳುವುದು 49 ಪ್ರಶ್ನೆಗಳ ಮೂಲ ಪಟ್ಟಿಯಲ್ಲಿವೆ. ಅಂದರೆ ಇವು ಗೊಣಗಾಟವಲ್ಲ, ಅಳೆಯಬೇಕಾದ ಫಲಿತಾಂಶಗಳು.

ಈ ಪಟ್ಟಿಯಿಂದ ಒಸಡಿನ ಚಿಕಿತ್ಸೆಯನ್ನು ಅಳೆದಾಗ ಸಿಗುವ ಉತ್ತರ ನಮ್ಮಂಥ ಸರ್ಜನ್ನರಿಗೆ ಅಷ್ಟೇನೂ ಹಿತವಾದುದಲ್ಲ. ರೋಗಿಗೆ ಅನುಭವಕ್ಕೆ ಬರುವ ಸುಧಾರಣೆಯ ದೊಡ್ಡ ಪಾಲು ಮೊದಲ ಹಂತದಲ್ಲೇ, ಬೇರಿನವರೆಗೆ ಕ್ಲೀನಿಂಗ್ ಮಾಡಿದಾಗಲೇ ಸಿಕ್ಕಿಬಿಡುತ್ತದೆ. ರಕ್ತ ನಿಲ್ಲುವುದು, ಬಾಯಿಯ ವಾಸನೆ ಹೋಗುವುದು, ಒಸಡಿನ ಊತ ಇಳಿಯುವುದು ಎಲ್ಲ ಆಗಲೇ. ಸರ್ಜರಿ ಅದರ ಮೇಲೆ ಸೇರಿಸುವ ‘ಹಾಯೆನಿಸುವಿಕೆ’ ಕಡಿಮೆ. ಮೊದಲ ವಾರದಲ್ಲಂತೂ ಅಂಕ ಕೆಡುತ್ತದೆ. ಆಮೇಲೆ ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬಂದು, ಕ್ರಮೇಣ ಅದಕ್ಕಿಂತ ಉತ್ತಮವಾಗುತ್ತದೆ. ಹಾಗಾದರೆ ಸರ್ಜರಿ ಯಾಕೆ? ಉಳಿದುಬಿಟ್ಟ ಆಳದ ಪಾಕೆಟ್ಟುಗಳು ಮುಂದೆ ಮೂಳೆ ತಿನ್ನುವ, ಹಲ್ಲು ಕಳೆಯುವ ಜಾಗಗಳು. ಸರ್ಜರಿಯ ಲಾಭ ಇವತ್ತಿನದಲ್ಲ, ಹತ್ತು ವರ್ಷದ ಆಚೆಗೆ ಆ ಹಲ್ಲು ಬಾಯಲ್ಲಿ ಇರುವುದು. ನಷ್ಟ ಮಾತ್ರ ಈ ವಾರದ್ದು, ಈ ತಿಂಗಳದ್ದು.

ಮಂಡಿ ನೋವಿದ್ದವರಿಗೆ ಆಪರೇಷನ್ ಆದಮೇಲೆ ನೋವು ಹೋಗುತ್ತದೆ, ಮಾಡಿಸಿದ್ದಕ್ಕೆ ಸಾರ್ಥಕವಾಯಿತು ಅನ್ನಿಸುತ್ತದೆ. ನಿಮಗೆ ಹೋಗಬೇಕಾದ ನೋವೇ ಇರಲಿಲ್ಲ. ಒಸಡಿನ ರೋಗ ಹಾಗೇ, ಸದ್ದಿಲ್ಲದ ಕಳ್ಳ. ಕಳ್ಳನನ್ನು ಹೊರಗೆ ಹಾಕುವಾಗ ಬಾಗಿಲು ಮುರಿದ ಸದ್ದು ಮಾತ್ರ ನಿಮ್ಮ ಕಿವಿಗೆ ಬಿದ್ದಿದೆ.

ಈಗ ಒಂದೊಂದೇ ದೂರಿಗೆ ಬರೋಣ. ಝಲ್ಲೆನ್ನುವುದರಿಂದ ಶುರುಮಾಡುತ್ತೇನೆ, ಯಾಕೆಂದರೆ ಇದಕ್ಕೆ ಮಾಡಬಹುದಾದದ್ದು ಅತಿ ಹೆಚ್ಚು, ಜನ ಮಾಡಿಕೊಳ್ಳುವ ತಪ್ಪೂ ಅತಿ ಹೆಚ್ಚು.

ಹಲ್ಲಿನ ಮೇಲ್ಭಾಗಕ್ಕೆ ಎನಾಮೆಲ್ಲಿನ ಗಟ್ಟಿ ಕವಚವಿದೆ. ಬೇರಿಗೆ ಅದಿಲ್ಲ. ಬೇರಿನ ಮೇಲಿರುವುದು ಸಿಮೆಂಟಮ್ ಎಂಬ ತೀರ ತೆಳುವಾದ ಪದರ, ಅದೂ ಕ್ಲೀನಿಂಗ್ ಮಾಡುವಾಗ ಅಲ್ಲಲ್ಲಿ ಹೋಗುತ್ತದೆ. ಅದರಡಿಯ ಡೆಂಟಿನ್ ಎಂಬ ಪದರದಲ್ಲಿ ಒಂದು ಚದರ ಮಿಲಿಮೀಟರಿಗೆ ಸಾವಿರಾರು ಸೂಕ್ಷ್ಮ ನಾಳಗಳು, ನಾಳಗಳ ತುಂಬ ದ್ರವ. ತಣ್ಣನೆಯದು ತಾಗಿದೊಡನೆ ಆ ದ್ರವ ಜರುಗುತ್ತದೆ, ಒಳಗಿನ ನರ ಆ ಚಲನೆಗೆ ಬೆಚ್ಚುತ್ತದೆ. ಸ್ವೀಡನ್ನಿನ ಬ್ರಾನ್‌ಸ್ಟ್ರೋಮ್ ವಿವರಿಸಿದ ಈ ಸಿದ್ಧಾಂತವನ್ನೇ ಇಂದಿಗೂ ಒಪ್ಪುತ್ತೇವೆ. ಇದರಿಂದ ಚಿಕಿತ್ಸೆಯೂ ಸ್ಪಷ್ಟವಾಗುತ್ತದೆ: ಒಂದೋ ನಾಳದ ಬಾಯಿ ಮುಚ್ಚಬೇಕು, ಇಲ್ಲವೇ ನರವನ್ನು ಸುಮ್ಮನಾಗಿಸಬೇಕು. ಸ್ಟ್ಯಾನಸ್ ಫ್ಲೋರೈಡ್ ಅಥವಾ ಆರ್ಜಿನೈನ್ ಇರುವ ಪೇಸ್ಟು ಮೊದಲನೆಯದನ್ನು ಮಾಡುತ್ತದೆ, ಪೊಟ್ಯಾಶಿಯಂ ನೈಟ್ರೇಟ್ ಇರುವುದು ಎರಡನೆಯದನ್ನು. ಟ್ಯೂಬಿನ ಹಿಂಬದಿಯಲ್ಲಿ ಬರೆದಿರುತ್ತದೆ, ಓದಿ. ನಾಲ್ಕು ದಿನ ಹಚ್ಚಿ ‘ಉಪಯೋಗವಿಲ್ಲ’ ಅಂತ ಬಿಡಬೇಡಿ. ದಿನಕ್ಕೆರಡು ಸಲದಂತೆ ಕನಿಷ್ಠ ನಾಲ್ಕು ವಾರ ಬೇಕು. ಉಜ್ಜಿದ ಮೇಲೆ ಉಗುಳಿ, ನೀರು ಹಾಕಿ ಪೂರ್ತಿ ಮುಕ್ಕಳಿಸಬೇಡಿ. ರಾತ್ರಿ ಮಲಗುವ ಮುಂಚೆ ಬೆರಳ ತುದಿಯಲ್ಲಿ ಒಂದಿಷ್ಟು ಪೇಸ್ಟು ತೆಗೆದುಕೊಂಡು ಝಲ್ಲೆನ್ನುವ ಜಾಗಕ್ಕೇ ಸವರಿ ಬಿಡಿ. ಹುಳಿ ಪಾನೀಯ ಕುಡಿದ ಕೂಡಲೇ ಹಲ್ಲುಜ್ಜಬೇಡಿ, ಅರ್ಧ ಗಂಟೆಯಾದರೂ ತಡೆಯಿರಿ.

ದೊಡ್ಡ ತಪ್ಪು ಯಾವುದೆಂದರೆ, ಝಲ್ಲೆನ್ನುತ್ತದೆ ಎಂಬ ಭಯಕ್ಕೆ ಆ ಭಾಗಕ್ಕೆ ಬ್ರಷ್ ತಾಗಿಸದೇ ಇರುವುದು. ಅಲ್ಲಿ ಪಾಚಿ ಕೂರುತ್ತದೆ, ಪಾಚಿಯ ಆಮ್ಲ ಮುಚ್ಚಿಕೊಳ್ಳುತ್ತಿದ್ದ ನಾಳಗಳನ್ನು ಮತ್ತೆ ತೆರೆಯುತ್ತದೆ, ಇನ್ನಷ್ಟು ಝಲ್ಲೆನ್ನುತ್ತದೆ, ಇನ್ನಷ್ಟು ಭಯ. ಮೆತ್ತನೆಯ ಬ್ರಷ್, ಉಗುರುಬೆಚ್ಚಗಿನ ನೀರು, ಮೆಲ್ಲಗೆ, ಆದರೆ ತಪ್ಪದೆ. ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ಕ್ಲಿನಿಕ್ಕಿನಲ್ಲಿ ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ, ಐದು ನಿಮಿಷದ ಕೆಲಸ. ಬೇರು ಹೊರಗಿರುವವರಿಗೆ ಬೇರಿನಲ್ಲೇ ಹುಳುಕು ಬೀಳುವ ಸಂಭವವೂ ಹೆಚ್ಚು, ಆದ್ದರಿಂದ ಫ್ಲೋರೈಡ್ ಹೇಗೂ ನಿಮಗೆ ಬೇಕು.

ಒಂದು ವ್ಯತ್ಯಾಸ ಮಾತ್ರ ಗೊತ್ತಿರಲಿ. ತಣ್ಣನೆಯದು ತಾಗಿದಾಗ ಝಲ್ಲೆಂದು, ತೆಗೆದ ಕೂಡಲೇ ನಿಂತರೆ ಅದು ನಾವು ಮಾತಾಡುತ್ತಿರುವ ತೊಂದರೆ. ತೆಗೆದ ಮೇಲೂ ನಿಮಿಷಗಟ್ಟಲೆ ಸೆಳೆದರೆ, ಬಿಸಿಗೂ ನೋವಾದರೆ, ರಾತ್ರಿ ತಾನಾಗಿ ಎಬ್ಬಿಸಿದರೆ ಅದು ಹಲ್ಲಿನ ಒಳಗಿನ ನರದ ತೊಂದರೆ. ಪೇಸ್ಟಿನಿಂದ ಆಗುವಂಥದ್ದಲ್ಲ, ಬೇಗ ತೋರಿಸಿ.

ಇನ್ನು ಕನ್ನಡಿ. ಹಲ್ಲು ಉದ್ದವಾಗಿ ಕಾಣುವುದರಲ್ಲಿ ರೋಗದ ಪಾಲು ದೊಡ್ಡದು. ಮೂಳೆ ಸರ್ಜರಿಗೆ ಎಷ್ಟೋ ಮೊದಲೇ ಇಳಿದಿತ್ತು. ಊದಿಕೊಂಡ ಒಸಡು ಅದನ್ನು ಮುಚ್ಚಿಟ್ಟಿತ್ತು. ಪ್ರವಾಹ ಇಳಿದ ಮೇಲೆ ದಂಡೆ ಎಷ್ಟು ಕೊಚ್ಚಿಹೋಗಿದೆ ಅಂತ ಕಾಣುವ ಹಾಗೆ, ಊತ ಇಳಿದ ಮೇಲೆ ನಿಜ ಕಂಡಿತು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಮುಂಭಾಗದ ಹಲ್ಲಿಗೆ ಸರ್ಜರಿ ಮಾಡುವಾಗ ಒಸಡು ಇನ್ನೂ ಒಂದಿಷ್ಟು ಸರಿಯುತ್ತದೆ ಎನ್ನುವುದೂ ಅಷ್ಟೇ ನಿಜ. ಅದಕ್ಕೇ ನಗುವಾಗ ಕಾಣುವ ಹಲ್ಲುಗಳ ವಿಷಯದಲ್ಲಿ ನಾನು ಕತ್ತಿ ಎತ್ತುವ ಮುಂಚೆ ಎರಡು ಸಲ ಯೋಚಿಸುವವನು.

ಕಪ್ಪು ಸಂದಿನ ಬಗ್ಗೆ ಒಂದು ಹಳೆಯ, ಆದರೆ ಬಹಳ ಉಪಯುಕ್ತ ಅಳತೆಯಿದೆ. ಎರಡು ಹಲ್ಲು ಒಂದಕ್ಕೊಂದು ತಾಗುವ ಬಿಂದುವಿನಿಂದ ಮೂಳೆಯ ಅಂಚಿನವರೆಗೆ ಎಷ್ಟು ದೂರವಿದೆ ಎಂಬುದರ ಮೇಲೆ ಆ ಸಂದಿಯನ್ನು ಒಸಡು ತುಂಬುತ್ತದೋ ಇಲ್ಲವೋ ನಿಂತಿದೆ. ಟಾರ್ನೋ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದಂತೆ, ದೂರ 5 ಮಿ.ಮೀ. ಅಥವಾ ಕಡಿಮೆ ಇದ್ದರೆ ಹೆಚ್ಚುಕಡಿಮೆ ಎಲ್ಲ ಸಂದಿಗಳೂ ತುಂಬಿರುತ್ತವೆ. 6 ಮಿ.ಮೀ. ಆದರೆ ಸುಮಾರು 56 ಶೇಕಡಾ, 7 ಆದರೆ ಸುಮಾರು 27 ಶೇಕಡಾ ಮಾತ್ರ. ಒಂದೊಂದೇ ಮಿಲಿಮೀಟರಿಗೆ ಇಷ್ಟು ವ್ಯತ್ಯಾಸ! ನಿಮ್ಮ ಎಕ್ಸ್‌ರೇ ನೋಡಿ ಈ ದೂರ ಎಷ್ಟೆಂದು ಡಾಕ್ಟರನ್ನು ಕೇಳಿ. ತುಂಬುವ ಸಂದಿಯೋ ತುಂಬದ ಸಂದಿಯೋ ಎಂದು ಅಂದಾಜು ಸಿಗುತ್ತದೆ, ದಿನಾ ಕನ್ನಡಿ ಮುಂದೆ ನಿಂತು ಕಾಯುವುದು ತಪ್ಪುತ್ತದೆ.

ಐದು ವಾರ ಅಂದರೆ ಒಸಡು ಇನ್ನೂ ತನ್ನ ಜಾಗ ಹುಡುಕಿಕೊಳ್ಳುತ್ತಿರುವ ಹೊತ್ತು. ಮೇಲ್ಪದರ ಒಂದೆರಡು ವಾರದಲ್ಲೇ ಕೂಡಿಕೊಳ್ಳುತ್ತದೆ, ನಿಮ್ಮ ಡಾಕ್ಟರು ‘ಮಾದಿದೆ’ ಅಂದದ್ದು ಅದನ್ನು. ಒಳಗಿನ ನಾರುಗಳು ಬಲಿಯಲು, ಅಂಚು ಒಂದು ಕಡೆ ನಿಲ್ಲಲು ತಿಂಗಳುಗಳು ಹಿಡಿಯುತ್ತವೆ. ಅಳತೆಯ ಕಡ್ಡಿಯನ್ನು ಸಹ ಮೂರು ತಿಂಗಳಾಗುವವರೆಗೆ ಒಳಗಿಳಿಸಬಾರದು. ಆದ್ದರಿಂದ ಅಂದದ ವಿಷಯದಲ್ಲಿ ಆರು ತಿಂಗಳು ಯಾವ ತೀರ್ಮಾನವೂ ಬೇಡ. ಆಮೇಲೂ ಸಂದು ಉಳಿದರೆ ದಾರಿಗಳಿವೆ. ಹಲ್ಲಿನ ಬದಿಗೆ ಅದೇ ಬಣ್ಣದ ಕಾಂಪೊಸಿಟ್ (ಹಲ್ಲು ತುಂಬಲು ಬಳಸುವ ವಸ್ತು) ಸೇರಿಸಿ ಆಕಾರ ಬದಲಿಸಿದರೆ ಕಪ್ಪು ಸಂದು ಚಿಕ್ಕದಾಗುತ್ತದೆ. ನನ್ನ ಮಟ್ಟಿಗೆ ಇದೇ ಮೊದಲ ಆಯ್ಕೆ, ಕೊರೆಯುವುದು ಕಡಿಮೆ, ಬೇಡವೆಂದರೆ ತೆಗೆಯಲೂ ಬಹುದು. ರೋಗ ಪೂರ್ತಿ ಹತೋಟಿಗೆ ಬಂದಿದ್ದರೆ ಕ್ಲಿಪ್ ಹಾಕಿ ಹಲ್ಲುಗಳನ್ನು ಹತ್ತಿರ ತರಬಹುದು. ಸಂದಿಯ ಒಸಡನ್ನೇ ಮತ್ತೆ ಕಟ್ಟುವ ಸರ್ಜರಿಯ ಮಾತು ಯಾರಾದರೂ ಎತ್ತಿದರೆ ನಿಧಾನಿಸಿ, ಅದರ ಫಲ ಹೀಗೇ ಎಂದು ಹೇಳಲಾಗದು.

ತಿಂದದ್ದು ಸಿಕ್ಕಿಕೊಳ್ಳುವುದಕ್ಕೆ ಉತ್ತರ ಚಿಕ್ಕದು: ಇಂಟರ್‌ಡೆಂಟಲ್ ಬ್ರಷ್, ಅಂದರೆ ಹಲ್ಲುಗಳ ಸಂದಿಯೊಳಗೆ ತೂರಿಸುವ ಪುಟ್ಟ ಬ್ರಷ್. ಸಂದು ದೊಡ್ಡದಾದ ಮೇಲೆ ಫ್ಲಾಸ್ ದಾರಕ್ಕಿಂತ ಅದೇ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೊಂದು ಸಂದಿಗೆ ಒಂದೊಂದು ಗಾತ್ರ ಬೇಕಾಗಬಹುದು, ಡಾಕ್ಟರ ಹತ್ತಿರವೇ ಹಾಕಿ ನೋಡಿ ಆರಿಸಿಕೊಳ್ಳಿ. ಬಿಗಿಯಾಗಿ ತುರುಕಬೇಕಾದರೆ ಗಾತ್ರ ತಪ್ಪು, ತಾಗದೆ ಓಡಾಡಿದರೂ ತಪ್ಪು. ಕಡ್ಡಿಯಿಂದ ಕೆದಕುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಅಲ್ಲಾಡುವ ಹಲ್ಲು? ಸರ್ಜರಿಯಾದ ಮೊದಲ ವಾರಗಳಲ್ಲಿ ಹಲ್ಲು ಮೊದಲಿಗಿಂತ ಸಡಿಲವಾಗುವುದು ಸಾಮಾನ್ಯ, ಕೆಲವು ತಿಂಗಳಲ್ಲಿ ಮೊದಲಿನಷ್ಟಕ್ಕೆ ಅಥವಾ ಅದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ನಾಲಗೆಯಿಂದ, ಬೆರಳಿನಿಂದ ದಿನಾ ಅಲ್ಲಾಡಿಸಿ ಪರೀಕ್ಷೆ ಮಾಡಬೇಡಿ (ಎಲ್ಲರೂ ಮಾಡುತ್ತಾರೆ, ನನಗೆ ಗೊತ್ತು). ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ ಮಾತ್ರ ಹೇಳಿ, ಕಚ್ಚುವ ಜಾಗವನ್ನು ಕೊಂಚ ಉಜ್ಜಿ ತಗ್ಗಿಸಬೇಕಾಗಬಹುದು. ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ಅಥವಾ ಒಸಡಿನಿಂದ ಕೀವು ಬಂದರೆ, ಜ್ವರ ಬಂದರೆ, ಊತ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹರಡಿದರೆ ಕಾಯುವ ಮಾತಿಲ್ಲ. ನುಂಗಲು, ಉಸಿರಾಡಲು ಕಷ್ಟವಾದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಇನ್ನೂ ಹಾಕುತ್ತಿದ್ದೀರಾ ಎಂದು ನೀವು ಬರೆದಿಲ್ಲ. ಗಾಯ ಮಾಯುವ ಮೊದಲ ವಾರಗಳಿಗೆ ಅದು ಒಳ್ಳೆಯದು. ಆಮೇಲೂ ಮುಂದುವರಿಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ನಾಲಗೆಯ ರುಚಿ ಕೆಡುತ್ತದೆ. ಕೈ ಬಾಯಿಗೆ ಹೋಗುವುದಕ್ಕೆ ಆ ಕಲೆಯೂ ಒಂದು ಕಾರಣವಾಗಿದ್ದರೆ ಪಾಲಿಶ್ ಮಾಡಿಸಿದರೆ ಹೋಗುತ್ತದೆ.

ಎಡಭಾಗ ಮಾಡಿಸಿಕೊಳ್ಳಬೇಕೇ? ನಿಮ್ಮ ಬಾಯಿ ನೋಡದೆ ಹೂಂ ಅಥವಾ ಊಹೂಂ ಹೇಳಲಾರೆ, ಆದರೆ ಯಾವುದರ ಮೇಲೆ ನಿರ್ಧರಿಸಬೇಕು ಎಂದು ಹೇಳಬಲ್ಲೆ. ಯುರೋಪಿನ ಪೆರಿಯೊಡಾಂಟಾಲಜಿ (ಒಸಡಿನ ರೋಗಗಳ ಶಾಸ್ತ್ರ) ಒಕ್ಕೂಟ 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಕ್ಲೀನಿಂಗ್ ಆದ ಮೇಲೂ 4–5 ಮಿ.ಮೀ. ಉಳಿದಿದ್ದರೆ ಮತ್ತೊಮ್ಮೆ ಕ್ಲೀನಿಂಗ್, 6 ಅಥವಾ ಹೆಚ್ಚು ಉಳಿದಿದ್ದರೆ ಸರ್ಜರಿಯ ಯೋಚನೆ. ಮೂಳೆಯಲ್ಲಿ 3 ಮಿ.ಮೀ. ಅಥವಾ ಹೆಚ್ಚು ಆಳದ ಗುಳಿ ಬಿದ್ದಿದ್ದರೆ ಬರೀ ತೆರೆದು ತೊಳೆಯುವ ಬದಲು ಮೂಳೆ ಮತ್ತೆ ಬೆಳೆಯುವಂತೆ ಮಾಡುವ ಸರ್ಜರಿ ಸೂಕ್ತ. ಅದರಲ್ಲಿ ಒಸಡು ಸರಿಯುವುದೂ ಕಡಿಮೆ. ನಿತ್ಯದ ಶುಚಿ ಸರಿಯಿಲ್ಲದವರಿಗೆ ಸರ್ಜರಿಯೇ ಬೇಡ ಎನ್ನುತ್ತದೆ ಅದೇ ಮಾರ್ಗಸೂಚಿ. ಆದ್ದರಿಂದ ಕೇಳಿ: ಎಡಭಾಗದಲ್ಲಿ ಯಾವ ಯಾವ ಹಲ್ಲಿಗೆ, ಎಷ್ಟೆಷ್ಟು ಆಳ? ಅಳೆದಾಗ ರಕ್ತ ಬರುತ್ತದೆಯೇ? ಅವು ನಗುವಾಗ ಕಾಣುವ ಹಲ್ಲುಗಳೇ? ಕಾಣದ ದವಡೆಹಲ್ಲಿನಲ್ಲಿ 7 ಮಿ.ಮೀ. ಇದ್ದು ರಕ್ತ ಬರುತ್ತಿದ್ದರೆ, ನಾನಾದರೆ ಮಾಡಿಸಿಕೊಳ್ಳುತ್ತೇನೆ. ಕಾಣುವ ಹಲ್ಲಿನಲ್ಲಿ 5 ಇದ್ದು ರಕ್ತವಿಲ್ಲದಿದ್ದರೆ ಸರ್ಜರಿ ಬಿಟ್ಟು ಮೂರು ತಿಂಗಳಿಗೊಮ್ಮೆ ಶುಚಿ ಮಾಡಿಸುತ್ತಾ ಕಾಯುತ್ತೇನೆ. ದಿನಾಂಕವನ್ನು ಕೆಲವು ವಾರ ಮುಂದಕ್ಕೆ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ. ಕೇಳಲು ಸಂಕೋಚ ಬೇಡ.

ಆ ಮೂರು ತಿಂಗಳ ಭೇಟಿ ಸರ್ಜರಿ ಮಾಡಿಸಿದರೂ ತಪ್ಪುವುದಿಲ್ಲ. ಸ್ವೀಡನ್ನಿನಲ್ಲಿ ಆಕ್ಸೆಲ್ಸನ್ ಮತ್ತು ಲಿಂಡೆ ಚಿಕಿತ್ಸೆ ಮುಗಿದ ರೋಗಿಗಳನ್ನು ಆರು ವರ್ಷ ಹಿಂಬಾಲಿಸಿ 1981ರಲ್ಲಿ ಪ್ರಕಟಿಸಿದ್ದು ಇದನ್ನೇ: ಎರಡು ಮೂರು ತಿಂಗಳಿಗೊಮ್ಮೆ ಕರೆಸಿ ಶುಚಿ ಮಾಡಿದವರಲ್ಲಿ ಫಲ ಉಳಿಯಿತು, ಹಾಗೆ ಕರೆಸದೆ ಬಿಟ್ಟವರಲ್ಲಿ ರೋಗ ಮರಳಿತು. ನೀವು ಈಗಾಗಲೇ ಐದು ವಾರ ಅನುಭವಿಸಿದ್ದು ವ್ಯರ್ಥವಾಗುವುದು ಈ ಭೇಟಿಗಳನ್ನು ತಪ್ಪಿಸಿದರೆ ಮಾತ್ರ. ಸಿಗರೇಟು ಇದ್ದರೆ ಎಡಭಾಗಕ್ಕೆ ಕೈಹಾಕುವ ಮುಂಚೆ ನಿಲ್ಲಿಸಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಎರಡೂ ಗಾಯ ಮಾಯುವುದನ್ನು ನಿಧಾನಿಸುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸರ್ಜರಿಗೆಂದು ನೀವಾಗಿ ನಿಲ್ಲಿಸಬೇಡಿ.

ಮಾಡಿಸಿಕೊಳ್ಳುವುದೇ ಆದರೆ ಈ ಸಲ ಮೊದಲ ವಾರವನ್ನು ಸ್ವಲ್ಪ ಜಾಣತನದಿಂದ ಕಳೆಯಿರಿ. ಊತ ಎರಡನೇ ಮೂರನೇ ದಿನಕ್ಕೆ ಏರಿ ಆಮೇಲೆ ಇಳಿಯುತ್ತದೆ, ಆ ದಿನಗಳಲ್ಲಿ ಮಾತಾಡಬೇಕಾದ ಕೆಲಸ ಇಟ್ಟುಕೊಳ್ಳಬೇಡಿ. ನೋವಿನ ಮಾತ್ರೆಯನ್ನು ಮರಗಟ್ಟಿದ್ದು ಬಿಡುವ ಮೊದಲೇ ತೆಗೆದುಕೊಳ್ಳಿ, ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಮೊದಲ ದಿನ ಕೆನ್ನೆಯ ಹೊರಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹತ್ತು ನಿಮಿಷ ಇಟ್ಟು ಹತ್ತು ನಿಮಿಷ ಬಿಡಿ. ಆ ದಿನ ಜೋರಾಗಿ ಮುಕ್ಕಳಿಸಬೇಡಿ. ಮೂರನೇ ದಿನದ ಮೇಲೆ ನೋವು ಇಳಿಯುವ ಬದಲು ಏರಿದರೆ ಫೋನ್ ಮಾಡಿ. ಝಲ್ಲೆನ್ನುವುದನ್ನು ತಡೆಯುವ ಪೇಸ್ಟನ್ನು ಸರ್ಜರಿಗೆ ಎರಡು ವಾರ ಮುಂಚೆಯೇ ಎಡಭಾಗಕ್ಕೆ ಶುರುಮಾಡಿ.

ಇನ್ನೊಂದು ಕೆಲಸ. ಮುಂದಿನ ಭೇಟಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ದೂರುಗಳನ್ನು ಬರೆದು, ಒಂದೊಂದಕ್ಕೂ 0ಯಿಂದ 4ರವರೆಗೆ ನೀವೇ ಅಂಕ ಹಾಕಿ. ಝಲ್ಲೆನ್ನುವುದು, ಸಿಕ್ಕಿಕೊಳ್ಳುವುದು, ಅಲ್ಲಾಡುವುದು, ನಗುವಾಗಿನ ಮುಜುಗರ. ಹಾಳೆಯನ್ನು ಡಾಕ್ಟರ ಮುಂದಿಡಿ, ಅವರ ಮಿಲಿಮೀಟರ್ ಪಟ್ಟಿಯ ಪಕ್ಕದಲ್ಲೇ ಅದನ್ನೂ ಲಗತ್ತಿಸಲು ಹೇಳಿ. ಮೂರನೇ ತಿಂಗಳಿಗೆ, ಆರನೇ ತಿಂಗಳಿಗೆ ಮತ್ತೆ ಬರೆಯಿರಿ. ಎಡಭಾಗಕ್ಕೆ ಕೈಹಾಕುವ ಮುಂಚೆ ನೀವು ತುಂಬು ನಗೆ ನಕ್ಕಾಗಿನ ಒಂದು ಫೋಟೋ ತೆಗೆಸಿ, ಒಸಡು ಎಲ್ಲಿಯವರೆಗೆ ಸರಿಯಬಹುದು ಎಂದು ಅದರ ಮೇಲೇ ಗೆರೆ ಎಳೆದು ತೋರಿಸಲು ಕೇಳಿ. ಆ ಗೆರೆ ನೋಡಿದ ಮೇಲೆ ಹೂಂ ಅನ್ನುವುದೋ ಊಹೂಂ ಅನ್ನುವುದೋ ನಿಮಗೆ ಬಿಟ್ಟದ್ದು.